ಕೀಲಿಕೈಗೆ ಬಾಯಿ ಬಂದದ್ದು

ನಿನ್ನ ತಪ್ಪಿಲ್ಲ ಅಂತ ನಾ ಅನ್ನೂದಿಲ್ಲ, ಫಕೀರ್ಯಾ.
ಸುರುವು ಆ ಬುಟ್ಟಿ, ಹಾಳಿ ಹಾಸೇನಿ.
ನಿನ್ನೆಯಿಂದ ಗುಡಿಸಿ ಹಾಕಿದ್ದೆಲ್ಲಾ ಇದರಾಗ ಐತಿ:
ಹಿತ್ತಾಳಿ ಪುಡಿ, ಬೀಡಿ ತುಂಡು,
ಮಗ್ಗಲ ಮೀನಿನವ್ವನ ಸಿಗಡಿ ಸಿಪ್ಪಿ.
ಒಂದೊಂದ ಚೂರೂ ಬೆರಳಿಲೆ ತೀಡಿ ನೋಡು.
ಅರ್ಧ ಹುಣಚೀಬೀಜದಷ್ಟು, ಕರ್ರಗ,
ಇದ್ದಲಿ ಅಂತ ನೀ ಒಗದದ್ದು ಅದು.

ಅಲ್ಲಿ ಎರ್ಮೆಲಿಂದ್ ಬಾಯಿ ಗಾಡಿಯೊಳಗ ಕುಂತಾಳ,
ಮಾಪ್ಸಾದ ಶುಕ್ರವಾರದ ಸಂತಿ ಪೂರಾ
ಅಕಿ ಬೆನ್ನಿಗೆ ಹಾರ್ನ್ ಹೊಡೀತೈತಿ.
ತಿರುವತಾಳ, ಹೊತ್ತತೈತಿ,
ಒಂದು, ಎರಡು,
ಸತ್ತ ಹೋಗತೈತಿ.
ಕೆಂಪ ದೀಪ ಮಿಣಕ ಮಿಣಕ.
‘ಒಡದ ತಲಿ ಬದಲಿ ಮಾಡು ಅಂದಿದ್ದೆ,
ನೂರಾ ಐವತ್ತಕ್ಕ ಎಂಜಿನ್ ಕೊಂದ್ಯಲ್ಲೋ ಚಾವಿಗಾರ!’

ಕೈ ನಿಲ್ಲಿಸಬ್ಯಾಡ. ಹುಡುಕಕೋತ ಕೇಳು.
ನಮ್ಮ ರೋಣದ ಕಡೆ ಇದಕ್ಕ ಕೀಲಿಕೈ ಅಂತೀವಿ,
ಕೀಲಿಯ ಕೈ.
ನಮ್ಮಪ್ಪನ ಕಾಲಕ್ಕ ಅದು ಬರೇ ಕೈ.
ಅರಾ ಹಿಡದು ಹಲ್ಲು ತೀಡಿದಿ, ತೂರಿಸಿದಿ, ತಿರುವಿದಿ,
ಬಾಗಲಾ ತಗೀತು, ರೊಕ್ಕಾ ಎಣಿಸಿದಿ.
ಈಗ ಆ ಕೈಗೆ ಬಾಯಿ ಬಂದೈತಿ.
ಸೆಲ್ಲಿಲ್ಲ ಅದಕ್ಕ, ವೈರಿಲ್ಲ,
ಪ್ಲಾಸ್ಟಿಕ್ ತಲಿಯೊಳಗ ಹಸಗೊಂಡು ಮಲಗಿರತೈತಿ.
ಕೀಲಿಯ ಬಾಯಿಗೆ ಸುತ್ತಲೂ ಒಂದು ತಾಮ್ರದ ಬಳಿ ಐತಿ ನೋಡು,
ಅದರ ಮಗ್ಗಲಕ ಹೋದಾಗಷ್ಟ ಒಂದು ತುತ್ತು ಸಿಗತೈತಿ,
ಆ ಒಂದು ತುತ್ತಿನಾಗ ಎದ್ದು ಹೆಸರು ಹೇಳಿ
ಮತ್ತ ಮಲಗತೈತಿ.

ನಿಮ್ಮ ವೈನಿ ಮನಿ ತುಂಬಾಕ ಬಂದ ದಿನ
ಹೊಸ್ತಿಲಕ್ಕ ಅಡ್ಡ ನಿಂತಿದ್ರಲ್ಲ ಹುಡಿಗ್ಯಾರು,
ಒಡಪು ಹಾಕಿ ಗಂಡನ ಹೆಸರು ಹೇಳು,
ಇಲ್ಲಾಂದ್ರ ಒಳಗ ಬಿಡೂದಿಲ್ಲ ಅಂತ?
ಹಂಗ.
ಹಳೇ ಚಿಪ್ಪು ದಿನಾ ಅದೇ ಒಡಪು ಹೇಳತೈತಿ,
ಕೇಳಿಸಿಕೊಂಡು ಇನ್ನೊಂದಕ್ಕ ಬಾಯಿಪಾಠ ಮಾಡಿಸಬಹುದು,
ನನ್ನ ಮಶೀನು ಮಾಡೂದು ಅಷ್ಟ.
ಹೊಸಾವು ಹಂಗಲ್ಲ.
ಗಾಡಿ ಸಲಕ್ಕೊಂದು ಹೊಸಾ ಸವಾಲು ಹಾಕತೈತಿ,
ಚಿಪ್ಪು ನಿಂತಲ್ಲೇ ಕಟ್ಟಿ ಹೇಳಬೇಕು.
ಕದ್ದು ಕೇಳಿದಾವಗ ನಿನ್ನೆಯ ಜವಾಬು ಸಿಗತೈತಿ,
ನಿನ್ನೆಯ ಜವಾಬಿಗೆ ಇವತ್ತ ಯಾವ ಬಾಗಲಾನೂ ಇಲ್ಲ.

ಹೌದು, ಸಸ್ತಾ ದಾರಿ ಒಂದೈತಿ.
ಚಿಪ್ಪು ತಗದು ಸ್ಟೀರಿಂಗ್ ಕೆಳಗ, ಬಳಿಯ ಹತ್ರ ಟೇಪ್ ಹಚ್ಚೂದು.
ಆಮ್ಯಾಲೆ ಯಾರ ತಗಡು ತೂರಿಸಿದ್ರೂ ಗಾಡಿ ಹೂಂ ಅಂತೈತಿ.
ವಾಸ್ಕೋದ ಒಬ್ಬ ಟ್ಯಾಕ್ಸಿಯವಗ ಮಾಡಿಕೊಟ್ಟಿದ್ದೆ,
ಎರಡ ತಿಂಗಳಿಗೆ ಗಾಡಿನೂ ಇಲ್ಲ, ಟೇಪೂ ಇಲ್ಲ.
ಆವತ್ತಿನಿಂದ ಕಾಗದಪತ್ರ ನೋಡದ ಅರಾ ಮುಟ್ಟೂದಿಲ್ಲ.

ನನ್ನ ಕಾಗದಾನೂ ನೋಡ್ತಾರ.
ಇಪ್ಪತ್ತೆರಡು ವರ್ಷಾತು ಈ ಛತ್ರಿ ಕೆಳಗ.
ಕೊಂಕಣಿಯ ಹಲ್ಲು ಒಂದೊಂದೂ ಸರಿಯಾಗಿ ತೀಡೇನಿ,
ಬಾಗಲಾ ತಗೀತಾವ, ಬಾ ಅಂತಾರ, ಕೂಡು ಅಂತಾರ,
ಒಂದು, ಎರಡು,
‘ನೀ ಘಾಟಿ ಏನೋ?’
ಯಾವ ಬಳಿಗೆ ಏನು ಕೇಳಸ್ತೈತೋ ನನ್ನ ದನಿಯೊಳಗ.
ಇರಲಿ ಬಿಡು. ಆ ಸಿಪ್ಪಿಯ ಕೆಳಗ ನೋಡು.

ತಡಿ.
ಅದಲ್ಲ, ಅದು ಇಲಿ ಹಿಕ್ಕಿ.
ಹಾಂ, ಅದು. ಊದು, ಒರಸು.
ಸಿಗಡಿ ವಾಸನಿಗೆ ಅದೇನ ಹೆಸರು ಮರೀತೈತೇನು?
ತಲಿಯೊಳಗ ಕೂಡಿಸು, ಓರೆ ಆಗಬಾರದು,
ಒಂದು ಹನಿ ಗೋಂದು, ಸಾಕು ಸಾಕು.
ಹೋಗು, ನೀನ ತಿರುವು.
ನಾ ಇಲ್ಲಿಂದ ಎಣಸ್ತೇನಿ.

ಒಂದು.
ಎರಡು.
ಮೂರು.
ಹದಿನೇಳಕ್ಕ ಎಣಿಸೂದು ಬಿಟ್ಟೆ.

ಹಾರ್ನ್ ಹೊಡಿಯೂವರು ಹೊಡೀಲಿ,
ಬಾಯಿ ಕಾಜು ಇಳಿಸಿ ನಿನ್ನ ಏನೋ ಕೇಳಾಕತ್ತಾಳ,
ಇಷ್ಟ ವರ್ಷದಾಗ ನನ್ನ ಕೇಳಿಲ್ಲ ಅದನ್ನ:
‘ತುಜೆಂ ನಾಂವ್ ಕಿತೆಂ?’
ಹೇಳಲೇ ಫಕೀರ್ಯಾ, ನಿಂತ್ಯಾಕ?
ಒಡಪು ಬ್ಯಾಡ, ಬರೇ ಹೆಸರು.